ಪವಿತ್ರಾ ಹೊತ್ತು ತಿರುಗಿದ ಸೂಚನಾ ವಹಿ

ಹೋದ ತಿಂಗಳು ಇಬ್ಬರು ಹೊಸ ಶಿಕ್ಷಕಿಯರು ನವನಗರದ ನಮ್ಮ ಮನೆಗೆ ಬಂದಿದ್ದರು. ಒಬ್ಬಳು ಎದುರು ಮನೆಯವರ ಸೊಸೆ, ಇನ್ನೊಬ್ಬಳು ಅವಳ ಗೆಳತಿ. ಇಬ್ಬರಿಗೂ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕು ಎರಡು ತಿಂಗಳೂ ಆಗಿಲ್ಲ, ಆಗಲೇ ಇಬ್ಬರ ಗಂಟಲೂ ಕೂತು ಹೋಗಿದೆ. ಚಹಾದ ಕಪ್ಪು ಕೈಗೆ ಕೊಡುವುದರೊಳಗೆ ಸೊಸೆ ಕೇಳಿಯೇ ಬಿಟ್ಟಳು.

"ಅಕ್ಕೋರ, ಹುಡುಗೂರನ್ನ ಸುಮ್ಮ ಕುಂದ್ರಿಸೂದು ಹೆಂಗ್ರಿ? ನೀವು ಅದಕ್ಕ ಭಾಳ ಹೆಸರಾದವರಂತಲ್ರಿ."

ಹೆಸರಾಗಿದ್ದೆ, ಸುಳ್ಳಲ್ಲ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಇಪ್ಪತ್ತಾರು ವರ್ಷ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಆಮೇಲೆ ಒಬ್ಬ ಹುಡುಗಿ ಬಂದು ಅದನ್ನು ಕೆಡಿಸಿದಳು. ಅವತ್ತು ಈ ಇಬ್ಬರಿಗೂ ಚೂಡಾ ಕೊಟ್ಟು ಮಾತು ಮರೆಸಿ ಕಳಿಸಿದೆ. ಬಾಯಲ್ಲಿ ಹೇಳಿದ್ದರೆ ಅವರು ನಗುತ್ತಿದ್ದರು, ನಾನು ಅಳುತ್ತಿದ್ದೆ, ಚಹಾ ಆರಿ ಹೋಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಹೊದಿಸಿದ ಶಾಲು ಇವುಗಳ ಸುದ್ದಿ ಇಲ್ಲಿಲ್ಲ. ಶಾಲುಗಳು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿವೆ.

ನಮ್ಮ ಶಾಲೆ ಇದ್ದದ್ದು ಲಕಮನಹಳ್ಳಿ ಕಡೆ. ಹೆಸರು ಬೇಡ. ಏಳು ಕೋಣೆ, ಏಳು ಜನ ಶಿಕ್ಷಕರು, ಅಂಗಳದ ತುದಿಗೆ ಒಂದು ಬೇವಿನ ಮರ. ಮಕ್ಕಳಲ್ಲಿ ಹೆಚ್ಚಿನವರು ಕಾರ್ಖಾನೆಗಳಲ್ಲಿ ದುಡಿಯುವವರ ಮನೆಯವರು. ನಾನು ಸೇರಿದ ಕಾಲಕ್ಕೆ ಒಳ್ಳೆಯ ಶಿಕ್ಷಕಿ ಎಂದರೆ ಅವಳ ವರ್ಗದಿಂದ ಸಪ್ಪಳ ಹೊರಗೆ ಬರಬಾರದು, ಅಷ್ಟೇ ಅಳತೆ. ಪಾಠ ತಲೆಗೆ ಹೋಯಿತೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಅಳತೆಯಲ್ಲಿ ಮೊದಲಿಗಳಾಗಬೇಕೆಂದು ನಾನು ಹಟ ಹಿಡಿದೆ.

ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ವರ್ಗಕ್ಕೆ ಬಂದವಳೇ ತಲೆಯಿಂದ ಒಂದು ಹೇರ್‌ಪಿನ್ ತೆಗೆದು ಮೇಜಿನ ಮೇಲಿಂದ ನೆಲಕ್ಕೆ ಬಿಡುತ್ತಿದ್ದೆ. ಅದು ಬಿದ್ದ ಸಪ್ಪಳ ಹಿಂದಿನ ಬೆಂಚಿಗೆ ಕೇಳಿಸಬೇಕು. ಕೇಳಿಸಿದವರು ತಲೆ ಆಡಿಸಬೇಕು. "ಕೇಳಿಸ್ತ್ರೀ ಅಕ್ಕೋರ" ಎಂದು ಯಾವನಾದರೂ ಬಾಯಿ ಬಿಟ್ಟರೆ ಸಪ್ಪಳವಾಯಿತಲ್ಲ, ಮತ್ತೊಂದು ಪಿನ್ನು ಬಿಡಬೇಕು. ಕೆಲವು ದಿನ ಪಾಠ ಶುರುವಾಗುವ ಹೊತ್ತಿಗೆ ನನ್ನ ತುರುಬು ಬಿಚ್ಚಿ ಹೆಗಲ ಮೇಲೆ ಇಳಿದಿರುತ್ತಿತ್ತು. ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ನನ್ನ ಖ್ಯಾತಿ ಕೇಳಿ ತಮ್ಮ ಪೆನ್ನಿನ ಟೊಪ್ಪಿಗೆ ತೆಗೆದು ಕೆಳಗೆ ಬಿಟ್ಟು ನೋಡಿದರು. ಕೇಳಿಸಿತು. "ಉತ್ತಮ" ಎಂದು ಬರೆದು ಎದ್ದು ಹೋದರು. ಮಕ್ಕಳಿಗೆ ಒಂದು ಲೆಕ್ಕ ಕೇಳುವುದನ್ನೂ ಮರೆತರು, ನಾನೂ ನೆನಪು ಮಾಡಲಿಲ್ಲ.

ನಲವತ್ತು ಮಕ್ಕಳು ಕೈ ಕಟ್ಟಿ ಕೂತಿದ್ದರೆ ನನಗೆ ದೇವರ ಕೋಣೆಯಲ್ಲಿ ನಿಂತಷ್ಟು ಸಮಾಧಾನ. ಅವರಲ್ಲಿ ಅರ್ಧ ಜನ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದರು ಎಂಬುದು ಗೊತ್ತಾಗಲು ಇಪ್ಪತ್ತಾರು ವರ್ಷ ಬೇಕಾಯಿತು.

ಆಗ ಪವಿತ್ರಾ ಬಂದಳು. ಮೂರನೇ ತರಗತಿ, ಎರಡು ಜಡೆ, ಯಾವುದೋ ಒಂದಕ್ಕೆ ಸದಾ ರಿಬ್ಬನ್ ಇಲ್ಲ. ಕೂತರೆ ಕಾಲು ಆಡುತ್ತದೆ, ಕಾಲು ಹಿಡಿದರೆ ಕೈ ಆಡುತ್ತದೆ, ಎರಡನ್ನೂ ಕಟ್ಟಿಸಿದರೆ ಹುಬ್ಬು. ನೀರು ಕುಡಿಯಲು ಕೇಳುತ್ತಾಳೆ, ಕುಡಿದು ಬಂದು ಅದಕ್ಕೆ ತಕ್ಕ ಇನ್ನೊಂದಕ್ಕೆ ಕೇಳುತ್ತಾಳೆ, ಅದು ಮುಗಿದ ಮೇಲೆ ಕೈ ತೊಳೆಯಲು ಕೇಳುತ್ತಾಳೆ. ಇಡೀ ವರ್ಗದ ಪೆನ್ಸಿಲ್ಲುಗಳನ್ನು ಕೆತ್ತಿ ಕೊಟ್ಟದ್ದೂ ಅವಳೇ. ಕೆತ್ತಿ ಕೆತ್ತಿ ಪೆನ್ಸಿಲ್ಲುಗಳು ಕಿವಿಗೆ ಹಾಕುವ ಕಡ್ಡಿಯಷ್ಟಾದವು. ಅಕ್ಷರ ಕೂಡಿಸಿ ಓದಲು ಮಾತ್ರ ಬರುತ್ತಿರಲಿಲ್ಲ. ಎರಡನೇ ಅಕ್ಷರಕ್ಕೆ ಬರುವಷ್ಟರಲ್ಲಿ ಕಣ್ಣು ಕಿಟಕಿಗೆ ಹೋಗಿರುತ್ತಿತ್ತು.

ನಾನು ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ವರ್ಗದಲ್ಲೇ ಅತಿ ಶಾಂತರಾದ ಇಬ್ಬರು ದಪ್ಪ ಹುಡುಗರ ನಡುವೆ ಅವಳನ್ನು ಕೂರಿಸಿದೆ. ಅವರ ಗುಣ ಇವಳಿಗೆ ಬರಲೆಂದು. ಬುಧವಾರದೊಳಗೆ ಅವರಿಬ್ಬರೂ ಕಾಲು ಆಡಿಸುತ್ತಿದ್ದರು. ಎಬ್ಬಿಸಿ ನನ್ನ ಕುರ್ಚಿಯ ಪಕ್ಕ ಕೂರಿಸಿಕೊಂಡೆ. ಮಧ್ಯಾಹ್ನದೊಳಗೆ ನನ್ನ ಚೀಲ ಬಿಚ್ಚಿ ಜೋಡಿಸಿಟ್ಟು, ಹದಿನೈದು ದಿನದಿಂದ ಕಳೆದು ಹೋಗಿದ್ದ ನನ್ನ ಕಣ್ಣಿನ ಚಾಳೀಸು ಹುಡುಕಿ ಕೊಟ್ಟಳು. ನಾನು ಅದನ್ನು ಹಾಕಿಕೊಂಡು, ಚೀಲ ಮುಟ್ಟಿದ್ದಕ್ಕೆ ಅವಳನ್ನು ಬೈದೆ.

ಈಗ ಮಂಗನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ.

ಒಂದು ಬೆಳಿಗ್ಗೆ ಮುಖ್ಯೋಪಾಧ್ಯಾಯರು ಕರೆದರೆಂದು ಹೊರಟೆ. "ನಾ ಬರೂತನಕಾ ಯಾರೂ ಅಲುಗಾಡಬಾರದು" ಎಂದು ಹೇಳಿ ಹೋದೆ. ತಿರುಗಿ ಬಂದಾಗ ವರ್ಗ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ನನಗೆ ಎದೆ ತುಂಬಿತು. ಒಳಗೆ ನೋಡಿದರೆ ನನ್ನ ಕುರ್ಚಿಯ ಮೇಲೆ ಒಂದು ಮಂಗ ಕೂತಿದೆ. ಅದರ ತೊಡೆಯ ಮೇಲೆ ನನ್ನ ಹಾಜರಿ ಪುಸ್ತಕ. ಒಂದೊಂದೇ ಹಾಳೆ ಹರಿದು, ರುಚಿ ನೋಡಿ, ಕೆಳಗೆ ಬಿಡುತ್ತಿದೆ. ಮೂವತ್ತೊಂಬತ್ತು ಮಕ್ಕಳು ಕೈ ಕಟ್ಟಿಕೊಂಡು ಅದನ್ನೇ ನೋಡುತ್ತ ಕೂತಿದ್ದಾರೆ. ಮುಂದಿನ ಬೆಂಚಿನ ಹುಡುಗನ ತಲೆಯ ಮೇಲೆ ಬಾಳೆಹಣ್ಣಿನ ಸಿಪ್ಪೆ ಇದೆ, ಅವನು ಅದನ್ನೂ ತೆಗೆದಿಲ್ಲ. ನಲವತ್ತನೆಯವಳು ಪವಿತ್ರಾ. ಕಸಬರಿಗೆ ಹಿಡಿದು ಮೇಜಿನ ಮೇಲೆ ನಿಂತು "ಹೋಗ್ತೀಯಿಲ್ಲೋ" ಎನ್ನುತ್ತಿದ್ದಾಳೆ.

ಮಂಗ ಹೋಯಿತು. ನಾನು ಏನು ಮಾಡಿದೆ ಗೊತ್ತೇ? ಮೂವತ್ತೊಂಬತ್ತು ಮಕ್ಕಳಿಗೆ ಚಪ್ಪಾಳೆ ತಟ್ಟಿಸಿದೆ. ಪವಿತ್ರಾಳನ್ನು ಮೂಲೆಯಲ್ಲಿ ನಿಲ್ಲಿಸಿದೆ.

"ಅಕ್ಕೋರ, ಪುಸ್ತಕ ಹರ್ಯಾಕತ್ತಿತ್ರಿ. ಏಳಬಾರದಿತ್ತೇನ್ರಿ?" ಎಂದಳು.

"ಕೇಳಿ ಏಳಬೇಕಿತ್ತು."

"ಯಾರನ್ನ ಕೇಳ್ಬೇಕ್ರಿ? ನಿಮ್ಮ ಕುರ್ಚಿಮ್ಯಾಲ ಮಂಗ್ಯಾನ ಕುಂತಿತ್ತಲ್ರಿ."

ವರ್ಗ ಬಿದ್ದು ಬಿದ್ದು ನಕ್ಕಿತು. ಇಪ್ಪತ್ತಾರು ವರ್ಷದಲ್ಲಿ ನನ್ನ ವರ್ಗದಿಂದ ಹೊರಬಿದ್ದ ಮೊದಲ ಗದ್ದಲ ಅದು. ಮುಖ್ಯೋಪಾಧ್ಯಾಯರು ಏನೋ ಆಯಿತೆಂದು ಓಡಿ ಬಂದರು.

ಅವರ ಹೆಸರು ಅಂಗಡಿ ಸರ್. ಕೆಟ್ಟ ಮನುಷ್ಯರಲ್ಲ. ಬರೆದದ್ದನ್ನು ಮಾತ್ರ ನಂಬುವ ಮನುಷ್ಯರು. ಅವರ ಜೀವ ಇದ್ದದ್ದು ಸೂಚನಾ ವಹಿಯಲ್ಲಿ. ಅದು ಕೆಂಪು ಬಟ್ಟೆಯ ರಟ್ಟಿನ ಉದ್ದನೆ ಪುಸ್ತಕ. ಶಾಲೆಯಲ್ಲಿ ಏನೇ ಆಗಬೇಕಾದರೂ ಅದರಲ್ಲಿ ಬರೆದು, ಅವರು ಸಹಿ ಮಾಡಿ, ಶಿಪಾಯಿ ಅದನ್ನು ಏಳೂ ಕೋಣೆಗೆ ಒಯ್ದು, ಏಳೂ ಜನ ಓದಿ ಸಹಿ ಹಾಕಬೇಕು. ಎಲ್ಲ ಕಡೆ ಮೊಬೈಲಿನಲ್ಲಿ ಸಂದೇಶ ಕಳಿಸುವ ರೂಢಿ ಬಂದ ಮೇಲೂ ಅವರು ಜಗ್ಗಲಿಲ್ಲ. "ಫೋನಿನ ಮ್ಯಾಲ ಸಹಿ ಎಲ್ಲಿ ಮಾಡ್ತೀರಿ?" ಎನ್ನುತ್ತಿದ್ದರು.

ಮಂಗನ ಪ್ರಕರಣದ ಮರುದಿನ ಅವರು ಪವಿತ್ರಾಳ ಅಪ್ಪನನ್ನು ಕರೆಸಿದರು. ಮಲ್ಲಪ್ಪ ಎಂದು, ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಗಳ ಮೇಲಿನ ದೂರು ಕೇಳಲು ಮೂರನೇ ಸಲ ರಜೆ ಹಾಕಿ ಬಂದಿದ್ದ. ಮಗುವಿನ ಹೆಸರನ್ನು ಶಾಲೆಯವರೇ ತೆಗೆದು ಹಾಕುವಂತಿಲ್ಲ ಎಂದು ಕಾಯ್ದೆ ಇದೆ. ಆದ್ದರಿಂದ ತಂದೆಯ ಕೈಯಿಂದಲೇ "ನನ್ನ ಮಗಳ ಹೆಸರು ಕಡಿಮೆ ಮಾಡಿ ಕೊಡಿರಿ" ಎಂದು ಅರ್ಜಿ ಬರೆಸಿಕೊಳ್ಳುವುದು. ಹೊಸಬರಿಗೆ ಇದನ್ನು ತರಬೇತಿಯಲ್ಲಿ ಹೇಳಿಕೊಡುವುದಿಲ್ಲ. ಅಂಗಡಿ ಸರ್ ಹೇಳುತ್ತ ಹೋದರು, ಮಲ್ಲಪ್ಪ ಬರೆಯುತ್ತ ಹೋದ.

"ಇಲ್ಲಿ ಬಿಡಿಸಿದ್ರ ಎಲ್ಲಿ ಹಾಕ್ತೀಯಪಾ?" ಎಂದು ನಾನು ಕೇಳಿದೆ.

"ಊರಿಗೆ ಕಳಸ್ತೇನ್ರಿ, ನಮ್ಮವ್ವನ ಕಡೆ. ಅಲ್ಲಿ ನಮ್ಮ ಅಣ್ಣನ ಸಣ್ಣ ಕೂಸೈತ್ರಿ, ಆಡ್ಸಾಕ ಆಗ್ತಾಳ."

"ಆ ಊರಾಗ ಸಾಲಿ ಅದನೋ ಇಲ್ಲೋ?"

"ಐತ್ರಿ. ಆದ್ರ ಒಮ್ಮೆ ಮನ್ಯಾಗ ಕೆಲಸಕ್ಕ ಹಚ್ಚಿದ್ರ ನಮ್ಮವ್ವ ಬಿಡೂದಿಲ್ರಿ. ನಾ ಏನ್ ಮಾಡ್ಲಿರಿ ಅಕ್ಕೋರ, ದಿನಾ ರಜಾ ಯಾರ್ ಕೊಡ್ತಾರ?"

ಬಾಗಿಲ ಹೊರಗೆ ಪವಿತ್ರಾ ಒಂದು ಕಾಲಿನ ಮೇಲೆ ಕುಂಟುತ್ತ ನೆಲದ ಫರಸಿಕಲ್ಲು ಎಣಿಸುತ್ತಿದ್ದಳು. ಅವಳ ಓದು ಮುಗಿಯುವ ಮಾತು ಒಳಗೆ ನಡೆದಿತ್ತು. "ದಸರಾ ಸೂಟಿ ತನಕಾ ನನಗ ಬಿಡ್ರಿ ಸರ್, ನಾ ಸುಮ್ಮ ಕುಂದ್ರಿಸ್ತೇನಿ" ಎಂದೆ. ಅಂಗಡಿ ಸರ್ ಅರ್ಜಿಗೆ ತಾರೀಖು ಹಾಕದೆ ಮಡಚಿ ಡ್ರಾವರಿನಲ್ಲಿಟ್ಟರು. ಡೈರಿಯಲ್ಲಿ "ದಸರಾ ಸೂಟಿಯೊಳಗೆ" ಎಂದು ಬರೆದುಕೊಂಡರು.

ಅದೇ ವಾರ ನನಗೆ ಎರಡು ದಿನದ ತರಬೇತಿಯ ಆದೇಶ ಬಂತು. ವಿಷಯ, ಚಟುವಟಿಕೆಯಿಂದ ಕಲಿಕೆ. ಒಂದು ಸಭಾಗೃಹದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಮ್ಮನ್ನು ಕೂರಿಸಿ, ಒಬ್ಬರು ಪರದೆಯ ಮೇಲಿದ್ದುದನ್ನು ಓದತೊಡಗಿದರು. "ಮಗುವನ್ನು ಬಹಳ ಹೊತ್ತು ಒಂದೇ ಕಡೆ ಕೂರಿಸಬಾರದು" ಎಂಬುದನ್ನು ನಾವು ಮೂರು ತಾಸು ಒಂದೇ ಕಡೆ ಕೂತು ಬರೆದುಕೊಂಡೆವು. ನಾನು ನೀರು ಕುಡಿಯಲು ಎರಡು ಸಲ ಎದ್ದೆ. ಮೂರನೇ ಸಲ ಎದ್ದಾಗ, "ಹಾಜರಿ ತಗೊಳ್ಳೂದೈತಿ, ಯಾರೂ ಏಳಬ್ಯಾಡ್ರಿ" ಎಂದರು. ಪಕ್ಕದವರ ಚಾಳೀಸಿನ ಡಬ್ಬಿಯನ್ನು ತೆಗೆಯುವುದು, ಮುಚ್ಚುವುದು ಮಾಡುತ್ತ ಕೂತೆ. ಕಡೆಗೆ ಅವರು ಸಿಟ್ಟಿಗೆದ್ದು ಕಿವಿಯಲ್ಲಿ ಹೇಳಿದರು.

"ಅಕ್ಕೋರ, ಒಂದಿಷ್ಟು ಸುಮ್ಮ ಕುಂದರ್ರಿ ನೋಡೋಣ."

ಐವತ್ತು ದಾಟಿದ ಮೇಲೆ ಆ ಮಾತು ನನಗೆ ಬಿತ್ತು. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಬಸ್ಸಿನಲ್ಲಿ ಸೀಟು ಇದ್ದರೂ ನವನಗರದ ತನಕ ನಿಂತೇ ಬಂದೆ.

ಸೋಮವಾರ ಶಾಲೆಗೆ ಹೋದರೆ ಶಿಪಾಯಿ ಫಕೀರಪ್ಪ ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದ. ವಹಿ ಏಳು ಕೋಣೆಗೆ ಹೋಗುವುದು ಹೇಗೆ ಎಂದು ಅಂಗಡಿ ಸರ್ ಕಂಗಾಲಾಗಿದ್ದರು. "ನಮ್ಮ ವರ್ಗದಿಂದ ಒಬ್ಬರನ್ನ ಕಳಸ್ತೇನ್ರಿ ಸರ್" ಎಂದು ಪವಿತ್ರಾಳ ಕೈಗೆ ವಹಿ ಕೊಟ್ಟೆ. ಏಳು ಕೋಣೆ, ಎರಡು ಮೆಟ್ಟಿಲ ಸಾಲು, ಒಂದು ಅಂಗಳ. ಬಂದವಳೇ ಏದುಸಿರು ಬಿಡುತ್ತ ನನ್ನ ಮೇಜಿನ ತುದಿಗೆ ನಿಂತು ಐದು ಲೆಕ್ಕ ಮಾಡಿದಳು. ಐದೂ ಸರಿ. ನಾನು ಚಾಳೀಸು ಒರೆಸಿಕೊಂಡು ಮತ್ತೊಮ್ಮೆ ನೋಡಿದೆ.

ತೊಂದರೆ ಎಂದರೆ ಅಂಗಡಿ ಸರ್ ವಾರಕ್ಕೆ ಒಂದೋ ಎರಡೋ ಸೂಚನೆ ಬರೆಯುತ್ತಿದ್ದರು. ಪವಿತ್ರಾಳಿಗೆ ದಿನಕ್ಕೆ ಮೂರು ಬೇಕು. "ಬರಿಯೂ ಕೆಲಸ ನಾ ಮಾಡ್ತೇನ್ರಿ, ನೀವು ಸಹಿ ಅಷ್ಟ ಮಾಡ್ರಿ" ಎಂದೆ. ಅವರಿಗೆ ಸಂತೋಷವಾಯಿತು. ಅಂದಿನಿಂದ ನಾನು ಬರೆದೆ, ಅವರು ಸಹಿ ಮಾಡಿದರು. ಮೊದಮೊದಲು ಕಾರಣ ಹುಡುಕಿ ಬರೆದೆ. ಎಂಟು ದಿನಕ್ಕೆ ಕಾರಣಗಳು ಮುಗಿದವು. ಆಮೇಲೆ ಬರೆದವುಗಳಲ್ಲಿ ಕೆಲವು ಹೀಗಿದ್ದವು: "ಇಂದು ಮಂಗಳವಾರ ಇರುವುದನ್ನು ಎಲ್ಲ ಶಿಕ್ಷಕರು ಗಮನಿಸಬೇಕು." "ನೀರಿನ ಟಾಕಿಯ ಮುಚ್ಚಳ ಇದ್ದಲ್ಲಿಯೇ ಇದೆ." "ನಿನ್ನೆಯ ಸೂಚನೆಯನ್ನು ನಿನ್ನೆಯೇ ಓದಿರುವುದರಿಂದ ಇಂದು ಮತ್ತೆ ಓದುವ ಅವಶ್ಯಕತೆ ಇಲ್ಲ." ಎಲ್ಲದಕ್ಕೂ ಮುಖ್ಯೋಪಾಧ್ಯಾಯರ ಸಹಿ, ಕೆಳಗೆ ಏಳು ಶಿಕ್ಷಕರ ಸಹಿ. ಏಳರಲ್ಲಿ ನನ್ನದೂ ಒಂದು. ನಾನು ಬರೆದದ್ದನ್ನು ನಾನು ಗಮನಿಸಿದ್ದೇನೆ ಎಂಬುದಕ್ಕೆ.

ಹೊರಡುವ ಮುಂಚೆ ಅವಳ ಕೈಯಿಂದ ಒಮ್ಮೆ ಓದಿಸುತ್ತಿದ್ದೆ. "ಯಾರರೆ ಕೇಳಿದ್ರ ಹೇಳಾಕ ಬರಬೇಕಲ್ಲ" ಎಂದು ನೆಪ. ಯಾರೂ ಕೇಳುತ್ತಿರಲಿಲ್ಲ. ಆದರೆ ಓಡುವ ಅವಸರಕ್ಕೆ ಅವಳು ಓದಲು ಕಲಿತಳು. "ಗಮನಿಸಬೇಕು" ಅವಳು ತಡವರಿಸದೆ ಓದಿದ ಮೊದಲ ಉದ್ದ ಶಬ್ದ. ಗಣಪತಿ ಹಬ್ಬದ ಹೊತ್ತಿಗೆ "ಅವಶ್ಯಕತೆ"ಯನ್ನೂ ದಾಟಿದ್ದಳು.

ನಾಲ್ಕನೇ ವರ್ಗದ ನದಾಫ್ ಸರ್ ಒಂದು ದಿನ ಚಹಾದ ಹೊತ್ತಿನಲ್ಲಿ ಹತ್ತಿರ ಬಂದು ಕೂತರು.

"ಅಕ್ಕೋರ, ನಿನ್ನಿ ಮಂಗಳವಾರ ಅಂತ ಸೂಚನಾ ಬಂದಿತ್ತು."

"ಹೌದ್ರಿ."

"ನಿನ್ನಿ ಬುಧವಾರ ಇತ್ರಿ."

"ಮತ್ತ ಸಹಿ ಮಾಡೀರಲ್ಲ?"

"ಹೆಡ್ ಮಾಸ್ತರ್ ಸಹಿ ಆಗಿತ್ರಿ. ಅವರು ಮಂಗಳವಾರ ಅಂದ ಮ್ಯಾಲ ನಾ ಹೆಂಗ ಬುಧವಾರ ಅನ್ಲಿ?" ಎಂದರು. ಮನೆಯಲ್ಲೂ ಮಂಗಳವಾರವೆಂದೇ ವಾದ ಮಾಡಿದ್ದರಂತೆ.

ಅವರಿಗೆ ಎಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ಚಹಾದ ಕಪ್ಪು ಕೆಳಗಿಟ್ಟು, "ನಮ್ಮ ವರ್ಗದಾಗೂ ಇಂಥಾವು ನಾಕು ಅದಾವ್ರಿ. ಹ್ಯಾಂಗೂ ಯಾರೂ ಓದೂದಿಲ್ಲಂದ್ರ, ಉಪಯೋಗ ಆಗೂವಂಥಾದ್ದು ಬರೀರಲ್ಲ" ಎಂದರು.

ಹಾಗೆ ನಮ್ಮ ಶಾಲೆಯಲ್ಲಿ ಸುಧಾರಣೆ ಶುರುವಾಯಿತು. ಬೇಕಾದ ಮಕ್ಕಳು ಗೋಡೆಯ ಹತ್ತಿರ ನಿಂತು ಬರೆಯಬಹುದು ಎಂದು ಬರೆದೆವು. ಮಗ್ಗಿಯನ್ನು ಕುಪ್ಪಳಿಸುತ್ತ ಹೇಳಬಹುದು ಎಂದು ಬರೆದೆವು. ಪ್ರತಿ ಪಿರಿಯಡ್ಡಿನ ನಡುವೆ ಎಲ್ಲ ಮಕ್ಕಳು ಓಡಿ ಹೋಗಿ ಅಂಗಳದ ಬೇವಿನ ಮರ ಮುಟ್ಟಿ ಬರತಕ್ಕದ್ದು ಎಂದು ಬರೆದೆವು. ಎಲ್ಲದಕ್ಕೂ ಸಹಿ ಬಿತ್ತು. ಮೂರನೇ, ನಾಲ್ಕನೇ ವರ್ಗದ ಮಕ್ಕಳು ಓಡತೊಡಗಿದ ಮೇಲೆ ಉಳಿದ ಶಿಕ್ಷಕರು ಇದೇನೆಂದು ವಹಿ ತಿರುವಿ ನೋಡಿದರು. ನೋಡಿದರೆ ಅವರದೇ ಸಹಿ. ಗಾಬರಿಯಾಗಿ ಅವರೂ ಮಕ್ಕಳನ್ನು ಓಡಿಸತೊಡಗಿದರು.

ಐದನೇ ವರ್ಗದ ಸರ್ ಶಿಸ್ತಿನ ಮನುಷ್ಯ. ಅವರು ಮಕ್ಕಳನ್ನು ಹಾಜರಿ ಸಂಖ್ಯೆಯ ಪ್ರಕಾರ ಸಾಲು ಮಾಡಿ, ಕೈ ಕಟ್ಟಿಸಿಕೊಂಡು, ಸಪ್ಪಳವಿಲ್ಲದೆ ಓಡಿಸುತ್ತಿದ್ದರು. ಮರ ಬಂದಾಗ ಬಲಗೈ ಮಾತ್ರ ಬಿಚ್ಚಬೇಕು. ಎಡಗೈಯಿಂದ ಮುಟ್ಟಿದವರು ವರ್ಗಕ್ಕೆ ಹೋಗಿ ಮತ್ತೆ ಬರಬೇಕು. ಮಕ್ಕಳಿಗೆ ಗುಟ್ಟು ತಿಳಿದು ಎಲ್ಲರೂ ಎಡಗೈಯಿಂದಲೇ ಮುಟ್ಟತೊಡಗಿದರು. ಮೂರು ವಾರದಲ್ಲಿ ಮಕ್ಕಳ ಎತ್ತರದವರೆಗೆ ಮರದ ತೊಗಟೆ ನುಣ್ಣಗಾಯಿತು. ಇಷ್ಟು ಹುಚ್ಚಾಟದ ನಡುವೆಯೂ ನಿಜ ಹೇಳಬೇಕೆಂದರೆ, ಓಡಿ ಬಂದ ಮಕ್ಕಳು ಪಾಠ ಕೇಳುತ್ತಿದ್ದರು. ಕಣ್ಣು ತೆರೆದು ಮಲಗುವವರು ನನ್ನ ವರ್ಗದಲ್ಲಿ ಉಳಿಯಲಿಲ್ಲ. ಗದ್ದಲ ಇತ್ತು. ನನ್ನ ಪಿನ್ನುಗಳೆಲ್ಲ ತುರುಬಿನಲ್ಲೇ ಉಳಿದವು. ಹೊಸಬರೇ, ನಿಮಗೆ ಮರ ಇಲ್ಲದಿದ್ದರೆ ಗೇಟು ಮುಟ್ಟಿಸಿರಿ, ನೀರಿನ ಟಾಕಿ ಮುಟ್ಟಿಸಿರಿ, ಡಸ್ಟರು ಝಾಡಿಸಲು ಕಳಿಸಿರಿ, ನಕಾಶೆ ತರಲು ಕಳಿಸಿ ಅದನ್ನೇ ವಾಪಸ್ ಇಡಲು ಕಳಿಸಿರಿ. ಕಾಲಿಗೆ ಕೆಲಸ ಕೊಟ್ಟರೆ ತಲೆ ತನ್ನ ಕೆಲಸ ಮಾಡುತ್ತದೆ.

ಒಂದು ಬೆಳಿಗ್ಗೆ ಯಾವ ಸುಳಿವೂ ಕೊಡದೆ ತಪಾಸಣೆಯ ಸಾಹೇಬರು ಬಂದರು. ಅವರು ಗೇಟು ದಾಟುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಯಾಯಿತು. ಇಡೀ ಶಾಲೆ ಅವರ ಎಡಬಲದಿಂದ ಹಾದು ಮರದ ಕಡೆ ಓಡಿತು.

"ಇದೇನ್ ನಡಸೀರಿ?" ಎಂದು ಸಾಹೇಬರು ಗೋಡೆಗೆ ಒರಗಿ ಕೇಳಿದರು.

ಅಂಗಡಿ ಸರ್ ಇದುವರೆಗೂ ಅದನ್ನು ಯಾವುದೋ ಮೇಲಿನ ಆದೇಶವೆಂದು ತಿಳಿದಿದ್ದರು. ವಹಿ ತರಿಸಿ ಪುಟ ತಿರುವಿದರು. ಬೇವಿನ ಮರದ ಸೂಚನೆ ಸಿಕ್ಕಿತು. "ನನ್ನ ಸಹಿ ಐತಿ" ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಎದೆ ಮುಂದೆ ಮಾಡಿದರು.

"ಇದು ನಮ್ಮ ಸಾಲಿ ಪದ್ಧತಿರೀ ಸಾಹೇಬ್ರ. ಮುಟ್ಟಿ ಬಂದ ಮ್ಯಾಲ ಲೆಕ್ಕ ಭಾಳ ಛಲೋ ಮಾಡ್ತಾವು."

ಸಾಹೇಬರು ನನ್ನ ವರ್ಗಕ್ಕೆ ಬಂದು ನಾಲ್ಕು ಲೆಕ್ಕ ಕೇಳಿದರು. ನಾಲ್ಕೂ ಬಂದವು, ಒಂದು ಪವಿತ್ರಾಳಿಂದ. "ಮರಾ ಇಲ್ಲದ ಸಾಲ್ಯಾಗ ಏನ್ ಮಾಡ್ಬೇಕ್ರಿ?" ಎಂದು ಸಾಹೇಬರು ಗಂಭೀರವಾಗಿ ಕೇಳಿದರು. ಅಂಗಡಿ ಸರ್ ವಿಚಾರ ಮಾಡಿ, "ಕಂಬಾ ನಡಬಹುದ್ರಿ" ಎಂದರು. ಸಾಹೇಬರು ಅದನ್ನು ಬರೆದುಕೊಂಡು ಹೋದರು.

ಅವತ್ತೇ ನಾನು ಅಂಗಡಿ ಸರ್ ಹತ್ತಿರ ಹೋಗಿ, ಸರ್, ಆ ಹುಡುಗಿ ಈಗ ಓದುತ್ತಾಳೆ, ಅರ್ಜಿ ಹರಿದು ಹಾಕಿರಿ ಎನ್ನಬೇಕಿತ್ತು. ಅಂದರೆ ಹೇಗೆ ಕಲಿತಳೆಂದು ಕೇಳುತ್ತಾರೆ. ಮಂಗಳವಾರದ ಸೂಚನೆಗಳು ಹೊರಗೆ ಬೀಳುತ್ತವೆ. ನಿವೃತ್ತಿ ಹತ್ತಿರ ಬಂದಿತ್ತು, ನನಗೆ ಮರ್ಯಾದೆಯ ಭಯ. ಅವರು ಮರೆತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಡೈರಿಯಲ್ಲಿ ಬರೆದದ್ದನ್ನು ಅಂಗಡಿ ಸರ್ ಮರೆಯುವುದಿಲ್ಲ ಎಂದು ಇಡೀ ಶಾಲೆಗೆ ಗೊತ್ತಿತ್ತು.

ದಸರಾ ಸೂಟಿಗೆ ಒಂದು ದಿನ ಇತ್ತು. ನಾನು ಅಂಕಪಟ್ಟಿ ತುಂಬುತ್ತ ಕೂತಿದ್ದೆ. ಪವಿತ್ರಾ ವಹಿ ತಂದು ಮೇಜಿನ ಮೇಲೆ ಬಿಚ್ಚಿ ಹಿಡಿದಳು. ಅವತ್ತು ನಾನು ಏನೂ ಬರೆದಿರಲಿಲ್ಲ, ನದಾಫ್ ಸರ್ ಬರೆದಿರಬೇಕೆಂದುಕೊಂಡೆ. ತಲೆ ಎತ್ತದೆ ಸಹಿ ಮಾಡಿದೆ. ಅವಳು ಹೋಗಲಿಲ್ಲ.

"ಅಕ್ಕೋರ, ಇದಕ್ಕ ನಾನೂ ಸಹಿ ಮಾಡ್ಬೇಕೇನ್ರಿ?"

"ನೀ ಯಾಕವಾ?"

"ಇದರಾಗ ನನ್ನ ಹೆಸರೈತಲ್ರಿ."

ನೋಡಿದೆ. ಅಂಗಡಿ ಸರ್ ಸ್ವಂತ ಅಕ್ಷರ. ಮೂರನೇ ತರಗತಿಯ ಕುಮಾರಿ ಪವಿತ್ರಾ ಇವಳ ಹೆಸರನ್ನು ಪಾಲಕರ ಅರ್ಜಿಯ ಮೇರೆಗೆ ಇಂದಿನಿಂದ ಕಡಿಮೆ ಮಾಡಲಾಗಿದೆ, ಎಲ್ಲ ಶಿಕ್ಷಕರು ಗಮನಿಸಬೇಕು. ಕೆಳಗೆ ಏಳು ಸಹಿ. ನದಾಫ್ ಸರ್ ಸಹಿಯೂ ಇತ್ತು. ನನ್ನದರ ಮಸಿ ಇನ್ನೂ ಆರಿರಲಿಲ್ಲ.

"ನೀ ಇದನ್ನ ಓದಿದಿ?"

"ಓದಿದ್ನಿರಿ."

"ಮತ್ತ ಯಾಕ ಎಲ್ಲಾರ ಕಡೆ ಒಯ್ದಿ?"

"ಸೂಚನಾ ಎಲ್ಲಾರಿಗೂ ತೋರಸ್ಬೇಕಲ್ರಿ. ಯಾರರೆ ಬ್ಯಾಡ ಅಂತಾರೇನೋ ಅಂತ ಎಲ್ಲಾರ ಮುಂದೂ ನಿಂತ್ನಿ. ಎಲ್ಲಾರೂ ಸಹಿ ಮಾಡಿದ್ರು." ನನ್ನ ಸಹಿಯ ಕಡೆ ಬೆರಳು ಮಾಡಿ, "ನೀವೂ ಮಾಡಿದ್ರಿ" ಎಂದಳು.

ನನ್ನ ನೌಕರಿಯಲ್ಲಿ ನನಗೆ ಸಿಕ್ಕ ಶಿಕ್ಷೆ ಅದೊಂದೇ. ಅವಳ ಕೈ ಹಿಡಿದುಕೊಂಡು ಅಂಗಡಿ ಸರ್ ಕೋಣೆಗೆ ಹೋದೆ. ಮಂಗಳವಾರದಿಂದ ಹಿಡಿದು ಟಾಕಿ ಮುಚ್ಚಳದ ತನಕ ಎಲ್ಲ ಒಪ್ಪಿಕೊಂಡೆ. ಅವರು ನಂಬಲಿಲ್ಲ. ವಹಿ ತೆಗೆದುಕೊಂಡು ಮೊದಲಿನಿಂದ ಓದಿದರು. ಒಂದು ಪಿರಿಯಡ್ಡು ಹಿಡಿಯಿತು. ಅವರ ಮುಖ ಕೆಂಪಾಯಿತು, ಆಮೇಲೆ ಬಿಳಿಯಾಯಿತು.

"ಇದಕ್ಕೆಲ್ಲ ನಾ ಸಹಿ ಮಾಡೇನಿ?"

"ಮಾಡೀರಿ ಸರ್. ನಾವೂ ಮಾಡೇವಿ. ಈ ಸಾಲ್ಯಾಗ ಎಲ್ಲಾ ಸೂಚನಾ ಓದಿದಾಕಿ ಇಕಿ ಒಬ್ಬಾಕೀನ ರೀ."

"ಓದಾಕ ಬರ್ತೈತೇನು ಈ ಹುಡುಗಿಗೆ?"

ಪವಿತ್ರಾ ತನ್ನ ಹೆಸರು ಕಡಿಮೆ ಮಾಡಿದ ಸೂಚನೆಯನ್ನು ಅವರ ಮುಂದೆ ಗಟ್ಟಿಯಾಗಿ ಓದಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಕೊನೆಗೆ "ಗಮನಿಸಬೇಕು" ಎಂದು ನಿಲ್ಲಿಸಿದಳು. ಅಂಗಡಿ ಸರ್ ಚಾಳೀಸು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಡ್ರಾವರಿನಿಂದ ಮಲ್ಲಪ್ಪನ ಅರ್ಜಿ ತೆಗೆದು ನಾಲ್ಕು ತುಂಡು ಮಾಡಿದರು. "ಇವರಪ್ಪಗ ನಾನ ಹೇಳ್ತೇನಿ" ಎಂದರು. ಆದರೆ ವಹಿ ನೋಡಿ ಮತ್ತೆ ಚಿಂತೆ ಹತ್ತಿತು.

"ಏಳು ಮಂದಿ ಸಹಿ ಆಗೈತ್ರಿ ಅಕ್ಕೋರ. ಹಿಂದ ತಗೊಳ್ಳಾಕ ಹೆಂಗ ಬರ್ತೈತಿ? ಏನಂತ ಬರೀಲಿ?"

ಮೂರು ತಿಂಗಳು ಅದೇ ಭಾಷೆ ಓದಿದ್ದ ಪವಿತ್ರಾ ಮೇಜಿಗೆ ಗದ್ದ ಊರಿಕೊಂಡು ಹೇಳಿದಳು. ಅಂಗಡಿ ಸರ್ ಅವಳು ಹೇಳಿದಂತೆಯೇ ಬರೆದರು. "ಮೇಲಿನ ಸೂಚನೆಯನ್ನು ಯಾರೂ ಓದಿರುವುದಿಲ್ಲ. ಆದ್ದರಿಂದ ಅದನ್ನು ಯಾರೂ ಗಮನಿಸಬಾರದು. ಪವಿತ್ರಾ ಸೂಟಿ ಮುಗಿದ ಮೇಲೆ ಬರುತ್ತಾಳೆ." ಬರೆದು, ಒಮ್ಮೆ ಓದಿ, ಸಹಿ ಮಾಡಿದರು.

ಅವಳು ವಹಿ ತೆಗೆದುಕೊಂಡು ಹೊರಟಳು. ಓಡಲಿಲ್ಲ. ನಾನು ಹಿಂದೆ ಹಿಂದೆ ಹೋದೆ. ಪ್ರತಿ ಕೋಣೆಯಲ್ಲೂ ಶಿಕ್ಷಕರು ರೂಢಿಯಂತೆ ಪೆನ್ನು ತೆಗೆದರು. ಅವಳು ಸಹಿ ಮಾಡುವ ಜಾಗದ ಮೇಲೆ ಅಂಗೈ ಇಟ್ಟು, "ಓದ್ರಿ ಸರ್, ಆಮ್ಯಾಲ ಸಹಿ" ಎಂದಳು. ಅವರು ಓದಿದರು. ಓದಿದ ಮೇಲೆ ಹಿಂದಿನ ಸೂಚನೆಯನ್ನೂ ಓದಿದರು, ಅದರ ಕೆಳಗಿನ ತಮ್ಮ ಸಹಿಯನ್ನೂ ನೋಡಿದರು. ನದಾಫ್ ಸರ್ ಕುರ್ಚಿಯಿಂದ ಎದ್ದು ನಿಂತು ಸಹಿ ಮಾಡಿದರು.

ಕೊನೆಗೆ ನನ್ನ ಸರದಿ. ಇಡೀ ವರ್ಗದ ಮುಂದೆ ಗಟ್ಟಿಯಾಗಿ ಓದತೊಡಗಿದೆ. ನಡುವೆ ಅಕ್ಷರಗಳು ಕಾಣದಾದವು. ಮುಂದಿನ ಸಾಲು ಅವಳೇ ಹೇಳಿ ಬರೆಸಿದ್ದು, ಅವಳಿಗೆ ಬಾಯಿಪಾಠ ಇತ್ತು. ಆದರೂ ಹೇಳಿಕೊಡಲಿಲ್ಲ. ನಾನು ಓದಿ ಮುಗಿಸುವ ತನಕ, ಅಂಗೈ ವಹಿಯ ಮೇಲಿಟ್ಟುಕೊಂಡು, ಪವಿತ್ರಾ ಅಲುಗಾಡದೆ ನಿಂತಿದ್ದಳು.